ಕಾಲ್ನಡಿಗೆಯಲ್ಲಿ ಕಂಡ ರಾಜಧಾನಿ

ಕಳೆದ ದೀಪಾವಳಿಯ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೀರ್ಘವಾದ ಪತ್ರವೊಂದು ಬಂದಿತು. ನಮ್ಮ ತಂಗಡಗಿಯವನೇ ಆದ ಆತ ಈಗ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದಾನೆ. ಪತ್ರದೊಂದಿಗೆ ಆ ದೇಶದ ರಾಜಧಾನಿ ವ್ಯಾಲೆಟ್ಟಾ ನಗರದ ಹತ್ತಾರು ಛಾಯಾಚಿತ್ರಗಳಿದ್ದವು. ಐರೋಪ್ಯ ಒಕ್ಕೂಟದ ರಾಜಧಾನಿಗಳಲ್ಲೆಲ್ಲ ಅತ್ಯಂತ ಚಿಕ್ಕದು ಅದೇ ಎಂದೂ, ಒಂದು ತುದಿಯ ಕೋಟೆಬಾಗಿಲಿನಿಂದ ಇನ್ನೊಂದು ತುದಿಯ ಸಮುದ್ರದವರೆಗೆ ಸುಮಾರು ಒಂದು ಕಿಲೋಮೀಟರ್ ಮಾತ್ರವೆಂದೂ, ರಜೆಯ ದಿನ ತಾನು ಯಾವ ಅವಸರವೂ ಇಲ್ಲದೆ ಅದರ ಬೀದಿಗಳಲ್ಲಿ ನಡೆಯುವುದಾಗಿಯೂ ಬರೆದಿದ್ದ. ಆಮೇಲೆ ಒಂದು ಸಾಲು: "ಸರ್, ಈ ಊರಿಗೆ ಅಡಿಗಲ್ಲು ಹಾಕಿದ್ದು 1566ರ ಮಾರ್ಚ್ 28ರಂದು. ಅದರ ಹಿಂದಿನ ವರ್ಷ ತುರ್ಕರು ಈ ದ್ವೀಪಕ್ಕೆ ಮುತ್ತಿಗೆ ಹಾಕಿ ಸೋತು ಹೋದರಂತೆ. 1565 ಅಂದಕೂಡಲೇ ನನಗೆ ನಮ್ಮೂರು ನೆನಪಾಯಿತು."

ಆಗಲೇಬೇಕಲ್ಲ. ತಂಗಡಗಿಯಲ್ಲಿ ಹುಟ್ಟಿ ಶಾಲೆಗೆ ಹೋದ ಯಾರಿಗೇ ಆದರೂ 1565 ಎಂಬುದು ಮನೆಯ ನಂಬರಿನಂತೆ ಬಾಯಿಗೆ ಬರುವ ಸಂಖ್ಯೆ. ವಿಜಯನಗರದ ಅಳಿಯ ರಾಮರಾಯನಿಗೂ ದಖ್ಖನಿನ ಸುಲ್ತಾನರಿಗೂ ನಡೆದ ಯುದ್ಧವನ್ನು ಇಂಗ್ಲಿಷ್ ಪುಸ್ತಕಗಳು ತಾಳಿಕೋಟೆಯ ಯುದ್ಧವೆಂದು ಕರೆದರೂ ನಮ್ಮ ಕನ್ನಡ ಪಠ್ಯಗಳಲ್ಲಿ ಅದು ರಕ್ಕಸ-ತಂಗಡಿಯ ಯುದ್ಧ. ರಕ್ಕಸಗಿ ಒಂದು ಊರು, ತಂಗಡಗಿ ಇನ್ನೊಂದು. ಎಷ್ಟೋ ಸಾವಿರ ಹಳ್ಳಿಗಳ ಈ ನಾಡಿನಲ್ಲಿ ಇತಿಹಾಸದ ಪುಸ್ತಕದಲ್ಲಿ ತಮ್ಮ ಊರಿನ ಹೆಸರನ್ನು ಬೆರಳಿಟ್ಟು ತೋರಿಸಬಲ್ಲ ಮಕ್ಕಳು ಎಷ್ಟು ಮಂದಿ? ಆ ಪಾಠದ ದಿನ ನಮ್ಮೂರಿನ ಹುಡುಗರು ಬೇರೆ ಊರಿನವರ ಮುಂದೆ ಎದೆ ಸೆಟೆಸಿ ಕುಳಿತುಕೊಳ್ಳುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಪತ್ರದ ಕೊನೆಗೆ ಆತ ತಮಾಷೆಗೆಂಬಂತೆ ಬರೆದಿದ್ದ: "ನಾನು ಎಂಟನೆಯ ಇಯತ್ತೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ ಸರ್."

ಆ ಪ್ರಶ್ನೆ ನನಗೆ ಮರೆತಿರಲಿಲ್ಲ. 1998ರಲ್ಲಿ ಇರಬೇಕು. ನಾನು ಕಪ್ಪುಹಲಗೆಯ ಮೇಲೆ ಒಂದು ಕಡೆ ವಿಜಯನಗರ, ಇನ್ನೊಂದು ಕಡೆ ನಾಲ್ವರು ಸುಲ್ತಾನರ ಹೆಸರು ಬರೆದು, ನಡುವೆ ಕೃಷ್ಣಾ ನದಿಯ ಗೆರೆ ಎಳೆದು, ಕಾರಣ, ಘಟನೆ, ಪರಿಣಾಮ ಎಂದು ಮೂರು ತಲೆಬರಹಗಳಲ್ಲಿ ಪಾಠ ಮುಗಿಸಿದ್ದೆ. ಕೊನೆಯ ಬೆಂಚಿನಿಂದ ಆ ಹುಡುಗ ಎದ್ದು ನಿಂತು, "ಸರ್, ನಮ್ಮೂರ ಮಂದಿ ಯಾರ ಕಡೆ ಇದ್ರ್ರೀ?" ಎಂದ. ತರಗತಿ ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ದೊಡ್ಡತನವೂ ಆಗ ನನ್ನಲ್ಲಿರಲಿಲ್ಲ. "ಕೂಡ್ರು, ಇದನ್ನ ಪರೀಕ್ಷಾಕ್ಕ ಕೇಳೂದಿಲ್ಲ" ಎಂದು ಗದರಿಸಿ ಕೂಡಿಸಿದೆ. ಅದೇ ತರಗತಿಯಲ್ಲಿ ಯುದ್ಧದಲ್ಲಿ ಗೆದ್ದವರ ಮತದ ಇಬ್ಬರು ಹುಡುಗರು ಪಾಠ ಮುಗಿಯುವವರೆಗೂ ತಲೆ ತಗ್ಗಿಸಿ ಕುಳಿತಿದ್ದರು. ಅದನ್ನು ನಾನು ಕಂಡಿದ್ದೆ. ಕಂಡೂ ಏನನ್ನೂ ಹೇಳಲಿಲ್ಲ. ಇತಿಹಾಸದ ಮೇಷ್ಟರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಸೇವೆ ಸಲ್ಲಿಸಿದ ನನಗೆ ಈಗ ರಾತ್ರಿ ನಿದ್ದೆ ಬಾರದಿದ್ದಾಗ ನೆನಪಾಗುವುದು ಇಂಥವೇ ಒಂದೆರಡು ಪ್ರಸಂಗಗಳು.

ಪತ್ರ ಓದಿದ ಮೇಲೆ ಇನ್ನೊಂದು ವಿಚಾರ ಮನಸ್ಸಿಗೆ ಬಂದಿತು. ಅಷ್ಟು ದೂರದ ರಾಜಧಾನಿಯೊಂದನ್ನು ನನ್ನ ಶಿಷ್ಯ ಗಲ್ಲಿ ಗಲ್ಲಿ ನಡೆದು ಬಲ್ಲ. ನಮ್ಮ ಜಿಲ್ಲೆಯಲ್ಲೇ ಸುಮಾರು ಇನ್ನೂರು ವರ್ಷ ಒಂದು ರಾಜ್ಯಕ್ಕೆ ರಾಜಧಾನಿಯಾಗಿದ್ದ ನಗರವೊಂದಿದೆಯಲ್ಲ, ಅದನ್ನು ನಾನು ಎಂದಾದರೂ ಹಾಗೆ ನಡೆದು ನೋಡಿದ್ದೇನೆಯೇ? ವಿಜಾಪುರಕ್ಕೆ ಎಷ್ಟು ಸಲ ಹೋಗಿದ್ದೇನೆ ಎಂದರೆ ಲೆಕ್ಕವಿಲ್ಲ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ, ಶಿಕ್ಷಣ ಇಲಾಖೆಯ ಕಚೇರಿಗೆ, ಆಸ್ಪತ್ರೆಗೆ, ಮದುವೆಯ ಜವಳಿಗೆ. ನಗರವನ್ನು ನೋಡಲೆಂದು ಹೋದದ್ದು ಮಕ್ಕಳ ಪ್ರವಾಸದಲ್ಲಿ ಮಾತ್ರ. ಆ ಪ್ರವಾಸ ಹೇಗಿರುತ್ತಿತ್ತೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು: ನಸುಕಿನ ಐದಕ್ಕೆ ಬಸ್ಸು, ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ, ಗೋಳಗುಮ್ಮಟಕ್ಕೆ ಒಂದು ತಾಸು, ಇಬ್ರಾಹಿಂ ರೋಜಾಕ್ಕೆ ಅರ್ಧ ತಾಸು, ಮಲಿಕ್-ಎ-ಮೈದಾನ್ ತೋಪಿಗೆ ಹತ್ತು ನಿಮಿಷ, ನನ್ನ ಕೊರಳಲ್ಲಿ ಸೀಟಿ, ಬಾಯಲ್ಲಿ "ಲಗೂ ಲಗೂ". ಆ ಹತ್ತು ನಿಮಿಷಕ್ಕಾಗಿ ನಿಮ್ಮೆಲ್ಲರ ಕ್ಷಮೆ ಕೇಳಬೇಕು.

ಹೀಗಾಗಿ ಕಳೆದ ಚಳಿಗಾಲದಲ್ಲಿ, ಮೂರು ದಿನ ಬಿಡುವು ಮಾಡಿಕೊಂಡು, ವಿಜಾಪುರದಲ್ಲಿರುವ ತಂಗಿಯ ಮನೆಯಲ್ಲಿ ಉಳಿದು, ನಗರದೊಳಗೆ ಯಾವ ವಾಹನವನ್ನೂ ಹತ್ತುವುದಿಲ್ಲವೆಂದು ನಿಶ್ಚಯಿಸಿ ಹೊರಟೆ. 2014ರ ನವೆಂಬರ್ 1ರಿಂದ ನಗರದ ಅಧಿಕೃತ ಹೆಸರು ವಿಜಯಪುರವೆಂದಾಗಿದೆ. ಕಲ್ಯಾಣದ ಚಾಲುಕ್ಯರ ಕಾಲದ ಹೆಸರೂ ಅದೇ. ಆದರೆ ನನ್ನ ನಾಲಿಗೆಗೆ ವಿಜಾಪುರವೇ ರೂಢಿ. "ಅಣ್ಣಾ, ಈ ವಯಸ್ಸಿನಾಗ ಬಿಸಿಲಾಗ ಯಾಕ ತಿರಗತಿ? ನಿನ್ನ ಅಳ್ಯಾ ಗಾಡಿ ಮ್ಯಾಲ ಒಂದ ದಿನದಾಗ ಎಲ್ಲಾ ತೋರಸ್ತಾನ" ಎಂದಳು ತಂಗಿ. ಒಂದು ದಿನದಲ್ಲಿ ಎಲ್ಲವನ್ನೂ ನೋಡುವ ವಿದ್ಯೆಯಲ್ಲಿ ನಾನು ಪಾರಂಗತನೆಂಬುದು ಅವಳಿಗೇನು ಗೊತ್ತು!

ಮೊದಲ ದಿನ ಕೋಟೆಗೋಡೆಯ ಗುಂಟ ನಡೆದೆ. ಆದಿಲಶಾಹಿಗಳು ಸ್ವತಂತ್ರರಾದದ್ದು 1490ರ ಸುಮಾರಿಗೆ, ಯೂಸುಫ್ ಆದಿಲ್ ಖಾನನ ಕಾಲದಲ್ಲಿ. ಆದರೆ ಈಗ ನಾವು ಕಾಣುವ ಹೊರಗೋಡೆ ಪೂರ್ಣಗೊಂಡದ್ದು ಒಂದನೆಯ ಅಲಿ ಆದಿಲಶಹನ ಆಳ್ವಿಕೆಯಲ್ಲಿ, ಅದೇ 1565ರಲ್ಲಿ. ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್, ಬುರುಜುಗಳು 96. ಒಬ್ಬೊಬ್ಬ ಸರದಾರನಿಗೆ ಗೋಡೆಯ ಒಂದೊಂದು ಭಾಗವನ್ನು ಕಟ್ಟಿಸುವ ಹೊಣೆ ವಹಿಸಲಾಗಿತ್ತೆಂದು ಹೇಳುತ್ತಾರೆ. ವಾಹನದಲ್ಲಿ ಹೋದವನಿಗೆ ಇದು ಕೇವಲ ಮಾಹಿತಿ. ನಡೆದು ಹೋದವನಿಗೆ ಕಣ್ಣಿಗೆ ಕಾಣುತ್ತದೆ: ಇಲ್ಲಿ ಕಲ್ಲುಗಳ ಜೋಡಣೆ ಕೂದಲು ತೂರದಷ್ಟು ಬಿಗಿ, ಸ್ವಲ್ಪ ಮುಂದೆ ಕೈಗೆ ಸಿಕ್ಕ ಕಲ್ಲನ್ನು ತುಂಬಿ ಮುಗಿಸಿದಂಥ ಕೆಲಸ. ಸರಕಾರಿ ಕಾಮಗಾರಿಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಗೋಡೆಗೆ ಒರಗಿಕೊಂಡೇ ಮನೆಗಳಿವೆ, ಎಮ್ಮೆಗಳನ್ನು ಕಟ್ಟಿದ್ದಾರೆ, ಕುಳ್ಳು ತಟ್ಟಿದ್ದಾರೆ. ಕೆಲವೆಡೆ ಕಂದಕವೇ ಕಸದ ಗುಂಡಿ. ಉತ್ತರಕ್ಕೆ ಬಹಮನಿ ಬಾಗಿಲು, ಪೂರ್ವಕ್ಕೆ ಅಲಿಪುರ ಬಾಗಿಲು, ಪಶ್ಚಿಮಕ್ಕೆ ಮೆಕ್ಕಾ ಬಾಗಿಲು, ವಾಯವ್ಯಕ್ಕೆ ಶಹಾಪುರ ಬಾಗಿಲು. ದಕ್ಷಿಣದ ಮನಗೂಳಿ ಬಾಗಿಲಿಗೆ ಔರಂಗಜೇಬನ ನಂತರ ಫತೇ ದರವಾಜಾ, ಎಂದರೆ ವಿಜಯದ ಬಾಗಿಲು, ಎಂದು ಹೆಸರಾಯಿತು. ಯಾರ ವಿಜಯ ಎಂದು ಬಾಗಿಲು ಹೇಳುವುದಿಲ್ಲ.

ವ್ಯಾಲೆಟ್ಟಾದ ಚಿತ್ರಗಳಲ್ಲಿಯೂ ಇಂಥದೇ ದಪ್ಪ ಗೋಡೆಗಳಿದ್ದವು. ಅಲ್ಲಿ ಇಟಲಿಯ ಲಾಪರೆಲ್ಲಿ ಎಂಬ ಶಿಲ್ಪಿ ಬಂದು ಬೀದಿಗಳನ್ನೆಲ್ಲ ಪಗಡೆಹಾಸಿನಂತೆ ನೇರವಾಗಿ ಗೆರೆ ಎಳೆದು ಹಾಕಿದನಂತೆ. ವಿಜಾಪುರಕ್ಕೆ ಆ ಶಿಸ್ತಿಲ್ಲ. ಇದು ಅರಕಿಲ್ಲೆ ಎಂಬ ಒಳಕೋಟೆಯ ಸುತ್ತ ತನ್ನಷ್ಟಕ್ಕೆ ತಾನೇ ಬೆಳೆದು ಆಮೇಲೆ ಗೋಡೆ ಉಟ್ಟುಕೊಂಡ ಊರು. ಒಂದೇ ವರ್ಷದಲ್ಲಿ ಜನವರಿಗೆ ನಮ್ಮ ಹೊಳೆಯ ಸೀಮೆಯಲ್ಲಿ ಯುದ್ಧ, ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಮಾಲ್ಟಾದ ಮುತ್ತಿಗೆ. ಈ ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದೇ ನಾನು ಭಾವಿಸಿದ್ದೆ, ಪಶ್ಚಿಮದ ಸಿಂಹ ಬುರುಜನ್ನು ಏರುವವರೆಗೆ.

ಅಲ್ಲಿಯೇ ಇರುವುದು ಮಲಿಕ್-ಎ-ಮೈದಾನ್. ನಿಮ್ಮನ್ನೆಲ್ಲ ಹತ್ತು ನಿಮಿಷ ನಿಲ್ಲಿಸಿ ಇಳಿಸಿದ ಜಾಗದಲ್ಲಿ ನಾನು ಅಂದು ಎರಡು ತಾಸು ಕುಳಿತೆ. ತೋಪಿನ ಉದ್ದ ಸುಮಾರು ನಾಲ್ಕೂವರೆ ಮೀಟರ್, ತೂಕ 55 ಟನ್ ಎಂದು ಹೇಳುತ್ತಾರೆ. ಬಾಯಿಯ ಕಡೆ ಸಿಂಹದ ಮುಖ. ಅದರ ದವಡೆಗಳ ನಡುವೆ ಸಿಕ್ಕು ನಜ್ಜುಗುಜ್ಜಾಗುತ್ತಿರುವ ಆನೆ. ಅದರ ಮೇಲಿನ ಬರಹದ ಪ್ರಕಾರ ಅದನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದನಗರದಲ್ಲಿ. ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹುಸೇನ್ ರೂಮಿ. ರೂಮಿ ಎಂದರೆ ರೂಮ್ ದೇಶದವನು, ಎಂದರೆ ಆಟೊಮನ್ ತುರ್ಕರ ನಾಡಿನವನು. ಮಾಲ್ಟಾದ ಗೋಡೆಗಳನ್ನು ಒಡೆಯಲು ಹೊರಟ ತೋಪುಗಳ ವಿದ್ಯೆಯೂ ನಮ್ಮ ನೆಲದಲ್ಲಿ ಗುಡುಗಿದ ತೋಪಿನ ವಿದ್ಯೆಯೂ ಒಂದೇ ಮನೆತನದ್ದು! ಇದನ್ನು ಶಿಷ್ಯನಿಗೆ ಬರೆಯಬೇಕೆಂದು ಅಲ್ಲಿಯೇ ಚೀಟಿಯಲ್ಲಿ ಗುರುತು ಹಾಕಿಕೊಂಡೆ.

ಈ ತೋಪು 1565ರ ಯುದ್ಧದಲ್ಲಿ ಅಹಮದನಗರದ ಹುಸೇನ್ ನಿಜಾಮಶಹನ ಸೈನ್ಯದಲ್ಲಿತ್ತೆಂಬುದು ಪರಂಪರಾಗತವಾಗಿ ಬಂದ ಮಾತು. ಗುಂಡುಗಳ ಬದಲು ತಾಮ್ರದ ದುಡ್ಡುಗಳ ಚೀಲಗಳನ್ನು ತುಂಬಿ ಹತ್ತಿರದಿಂದ ಹಾರಿಸಿ, ನುಗ್ಗಿ ಬರುತ್ತಿದ್ದ ವಿಜಯನಗರದ ದಳವನ್ನು ಚದುರಿಸಿದರೆಂದು ವೃತ್ತಾಂತಗಳು ಹೇಳುತ್ತವೆ. ಮುಂದೆ ಅದು ಪರಂಡಾ ಕೋಟೆಗೆ ಹೋಗಿ, 1632ರಲ್ಲಿ ವಿಜಾಪುರಕ್ಕೆ ಬಂದಿತು. ಎಳೆದು ತರಲು ಹತ್ತು ಆನೆಗಳೂ ನಾಲ್ಕು ನೂರು ಎತ್ತುಗಳೂ ಬೇಕಾದವೆಂದು ಪ್ರತೀತಿ. ಕೊನೆಗೆ 1854ರಲ್ಲಿ ಇಂಗ್ಲಿಷ್ ಸರಕಾರ ಇದನ್ನು ಹಳೆಯ ಲೋಹವೆಂದು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ! ಅಧಿಕಾರಿಯೊಬ್ಬರಿಗೆ ಬುದ್ಧಿ ಬಂದು ಆ ಹರಾಜು ರದ್ದಾಗದೆ ಹೋಗಿದ್ದರೆ ಇದು ಎಂದೋ ಯಾರದೋ ಮನೆಯ ಕೊಡ, ತಂಬಿಗೆಯಾಗಿರುತ್ತಿತ್ತು. ಹಾಗಾಗಿದ್ದರೆ ಅದರ ಜನ್ಮದಲ್ಲಿ ಅದೇ ಒಳ್ಳೆಯ ಕೆಲಸವೆನಿಸುತ್ತಿತ್ತೋ ಏನೋ.

ಬೆಳಗಿನ ಇಬ್ಬನಿಗೆ ತೋಪಿನ ಮೈ ತಣ್ಣಗಿತ್ತು. ಅದರ ಮೇಲೆ ಅಂಗೈ ಇಟ್ಟುಕೊಂಡು ನಮ್ಮೂರನ್ನು ನೆನೆದೆ. ಯುದ್ಧ ನಿಖರವಾಗಿ ಎಲ್ಲಿ ನಡೆಯಿತೆಂಬುದರಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ತಾಳಿಕೋಟೆಯಲ್ಲಿ ಸುಲ್ತಾನರ ಸೈನ್ಯಗಳು ಕೂಡಿದವು, ಯುದ್ಧವಾದದ್ದು ಅಲ್ಲಲ್ಲ. 1900ರಲ್ಲಿ ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೀವೆಲ್ಲರು ಹೊಳೆ ದಾಟಿದ ಮೇಲೆ ದಕ್ಷಿಣಕ್ಕೆ, ಮುದಗಲ್ಲಿನ ದಿಕ್ಕಿನಲ್ಲಿ ರಣರಂಗವಿತ್ತೆಂದು ವಾದಿಸಿದರು. ಕನ್ನಡದ ಪರಂಪರೆ ನಮ್ಮ ಎರಡು ಹಳ್ಳಿಗಳ ಹೆಸರನ್ನೇ ಹಿಡಿದುಕೊಂಡಿದೆ. ಊರಿನ ಅಭಿಮಾನವನ್ನು ಬದಿಗಿಟ್ಟು ಹೇಳುವುದಾದರೆ, ಲಕ್ಷಾಂತರ ಜನ, ಕುದುರೆ, ಆನೆಗಳು ಕಾದಾಡಿದ ಯುದ್ಧವೊಂದು ಒಂದು ಹಳ್ಳಿಯ ಹೊಲದಲ್ಲಿ ಹಿಡಿಸುವಂಥದಲ್ಲ. ಈ ಇಡೀ ಹೊಳೆಸಾಲೇ ಅದರ ಕಣವಾಗಿದ್ದಿರಬೇಕು.

ದಿನಾಂಕ 1565ರ ಜನವರಿ 23. ಇತಿಹಾಸದ ಪಾಠದಲ್ಲಿ ನಾನೆಂದೂ ಗಮನಿಸದ ಸಂಗತಿಯೊಂದು ಆ ತೋಪಿನ ಪಕ್ಕದಲ್ಲಿ ಕುಳಿತಾಗ ಹೊಳೆಯಿತು. ನಮ್ಮ ಎರೆಭೂಮಿಯಲ್ಲಿ ಜನವರಿಯೆಂದರೆ ಏನು? ಹಿಂಗಾರಿ ಬಿಳಿಜೋಳ ತೆನೆ ಕಟ್ಟುವ ಕಾಲ. ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ಹಾಲುಗಾಳಿನ ತೆನೆಯನ್ನು ಸುಟ್ಟು ಸೀತನಿ ತಿನ್ನುವ ಕಾಲ. ವರ್ಷದ ಅನ್ನವೆಲ್ಲ ಹೊಲದಲ್ಲಿ ನಿಂತಿರುವ ಆ ದಿನಗಳಲ್ಲಿ ನಾಲ್ಕು ಸುಲ್ತಾನರ ದಂಡು ಡಿಸೆಂಬರಿನಿಂದಲೇ ಈ ಸೀಮೆಯಲ್ಲಿ ಬೀಡುಬಿಟ್ಟಿತ್ತು. ಹೊಳೆಯಾಚೆ ರಾಮರಾಯನ ದಂಡು. ಆ ಕುದುರೆಗಳು ತಿಂದದ್ದೇನು? ಆ ಆನೆಗಳು ತುಳಿದದ್ದೇನು? ಯಾವ ವೃತ್ತಾಂತಕಾರನೂ ಅದನ್ನು ಬರೆದಿಟ್ಟಿಲ್ಲ. ಆದರೆ ಹೊಲ ಕಂಡವನಿಗೆ ಊಹಿಸುವುದು ಕಷ್ಟವಲ್ಲ.

ಶಿಷ್ಯನ ಪ್ರಶ್ನೆಗೆ ಉತ್ತರ ನನಗೆ ಅಲ್ಲಿ ಅರ್ಧ ದೊರೆಯಿತು. ದಫ್ತರದ ಲೆಕ್ಕದಲ್ಲಿ, ಹೊಳೆಯ ಉತ್ತರ ದಂಡೆಯ ನಮ್ಮೂರು ವಿಜಾಪುರದ ಸುಲ್ತಾನನ ಸೀಮೆ. ಹೊಳೆಯ ಆಚೆಯ ದಂಡೆಯಿಂದ ತುಂಗಭದ್ರೆಯವರೆಗಿನ ನಾಡು ಇಂದು ಇವರದು, ನಾಳೆ ಅವರದು. ಆಚೆ ದಂಡೆಯಲ್ಲೂ ಈಚೆ ದಂಡೆಯಲ್ಲೂ ಬೀಗತನ, ಅದೇ ಮಾತು, ಅದೇ ರೊಟ್ಟಿ. ಕಂದಾಯ ಇತ್ತ ಕಟ್ಟಿದರು, ಬೆಳೆಯನ್ನು ಎರಡೂ ಕಡೆಯವರಿಗೆ ಕಳೆದುಕೊಂಡರು. ನನ್ನ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ನೀಲಮ್ಮತಾಯಿ ಇದ್ದರು. ಕಲ್ಯಾಣದಿಂದ ಸಂಗಮಕ್ಕೆ ಹೊರಟ ಬಸವಣ್ಣನವರ ಮಡದಿ ನಮ್ಮೂರಿನಲ್ಲಿ ಪತಿಯ ಐಕ್ಯದ ಸುದ್ದಿ ಕೇಳಿ ಇಲ್ಲಿಯೇ ಲಿಂಗೈಕ್ಯರಾದದ್ದು, ಜೊತೆಗೆ ಬಂದ ಹಡಪದ ಅಪ್ಪಣ್ಣನವರದು, ಎಲ್ಲವೂ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದಳು. ರಾಮರಾಯನ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಅದಕ್ಕಿಂತ ನಾಲ್ಕು ನೂರು ವರ್ಷ ಹಳೆಯದು ನೆನಪಿನಲ್ಲಿದೆ, ಯುದ್ಧ ಇಲ್ಲ. ಯುದ್ಧ ನಮ್ಮೂರಿಗೆ ಬಂದದ್ದು ಶಾಲೆಯ ಪುಸ್ತಕದಿಂದ.

ಬುರುಜಿನಿಂದ ಇಳಿದು ಉಪ್ಪಲಿ ಬುರುಜನ್ನೂ ಹತ್ತಿದೆ. 1584ರಲ್ಲಿ ಹೈದರ್ ಖಾನನು ಕಟ್ಟಿಸಿದ ಸುಮಾರು 80 ಅಡಿ ಎತ್ತರದ ಈ ಗೋಪುರದ ಮೆಟ್ಟಿಲುಗಳು ಹೊರಮೈಗೆ ಸುತ್ತಿಕೊಂಡಿವೆ. ಮೇಲಿನಿಂದ ಇಡೀ ರಾಜಧಾನಿ ಅಂಗೈಯಲ್ಲಿ ಹಿಡಿದಂತೆ ಕಾಣುತ್ತದೆ. ಪೂರ್ವದ ಗೋಳಗುಮ್ಮಟಕ್ಕೂ ಪಶ್ಚಿಮದ ಇಬ್ರಾಹಿಂ ರೋಜಾಕ್ಕೂ ನಡುವೆ ನಾಲ್ಕು ಕಿಲೋಮೀಟರ್ ಇದ್ದೀತು. ನಿಧಾನವಾಗಿ ನಡೆದರೂ ಒಂದೂವರೆ ತಾಸಿನ ದಾರಿ.

ಎರಡನೆಯ ದಿನ ಅರಕಿಲ್ಲೆಯೊಳಗೆ ಕಳೆಯಿತು. ಅಲ್ಲಿ ಕರೀಮುದ್ದೀನನ ಮಸೀದಿ ಇದೆ, 1320ರದು. ಆದಿಲಶಾಹಿಗಳಿಗಿಂತ ಬಹಳ ಹಿಂದಿನದು. ಅದರ ಕಂಬಗಳು ದೇವಾಲಯಗಳ ಕಂಬಗಳೆಂಬುದನ್ನು ಗುರುತಿಸಲು ಪಂಡಿತನಾಗಬೇಕಿಲ್ಲ. ಅದನ್ನು ಮರೆಮಾಚಿ ಪಾಠ ಹೇಳುವವನೂ ತಪ್ಪು ಮಾಡುತ್ತಾನೆ, ಅದೊಂದನ್ನೇ ಹೇಳಿ ನಿಲ್ಲಿಸುವವನೂ ತಪ್ಪು ಮಾಡುತ್ತಾನೆ. ಅಲ್ಲಿಂದ ಗಗನಮಹಲು ಹತ್ತಿರವೇ. 1561ರಲ್ಲಿ ಒಂದನೆಯ ಅಲಿ ಕಟ್ಟಿಸಿದ ದರ್ಬಾರು. ನಡುವಿನ ಕಮಾನಿನ ಅಗಲವೇ ಸುಮಾರು 60 ಅಡಿ. ಈಗ ಅದರ ಮುಂದಿನ ಉದ್ಯಾನದಲ್ಲಿ ಸಂಜೆ ಹಿರಿಯರು ಹರಟುತ್ತಾರೆ, ಮಕ್ಕಳು ಚುರಮರಿ ತಿನ್ನುತ್ತಾರೆ.

ಆ ಅಲಿ ಆದಿಲಶಹನ ಕಥೆಯನ್ನು ನಾನು ತರಗತಿಯಲ್ಲಿ ಪೂರ್ತಿಯಾಗಿ ಹೇಳಲಿಲ್ಲ. ಪಟ್ಟಕ್ಕೆ ಬಂದ ಹೊಸತರಲ್ಲಿ ಆತ ರಾಮರಾಯನ ಗೆಳೆಯ. ರಾಮರಾಯನ ಮಗ ತೀರಿಹೋದಾಗ ದುಃಖ ವಿಚಾರಿಸಲು ಸ್ವತಃ ವಿಜಯನಗರಕ್ಕೆ ಹೋಗಿದ್ದನೆಂದು ಫೆರಿಶ್ತಾ ಬರೆಯುತ್ತಾನೆ. ಇಬ್ಬರೂ ಕೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋದರು. ಅಂದು ಬೆಂದದ್ದು ಹುಸೇನ್ ನಿಜಾಮಶಹನ ಊರುಗಳು. ಮುಂದೆ ಅದೇ ಹುಸೇನನ ಮಗಳು ಚಾಂದಬೀಬಿಯನ್ನು ಅಲಿ ಮದುವೆಯಾದ. ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ನಿನ್ನೆಯ ವೈರಿಗಳು ಬೀಗರಾಗಿ ನಿನ್ನೆಯ ಗೆಳೆಯನ ಮೇಲೆ ತಿರುಗಿದರು. ಗೋಲಕೊಂಡದ ಇಬ್ರಾಹಿಂ ಕುತುಬಶಹನಂತೂ ಹಿಂದೆ ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಯ ಪಡೆದವನು. ರಾಮರಾಯನ ಸೈನ್ಯದಲ್ಲಿ ಮುಸಲ್ಮಾನ ದಳಪತಿಗಳಿದ್ದರು, ಸುಲ್ತಾನರ ಸೈನ್ಯದಲ್ಲಿ ಹಿಂದೂ ಸೈನಿಕರಿದ್ದರು. ಕಪ್ಪುಹಲಗೆಯ ನಡುವೆ ನಾನು ಎಳೆದ ಒಂದೇ ಗೆರೆ ಇದನ್ನೆಲ್ಲ ಅಳಿಸಿಹಾಕಿತ್ತು. ಎಂಟನೆಯ ತರಗತಿಯ ಮಕ್ಕಳಿಗೆ ಇದು ತಿಳಿಯುವುದಿಲ್ಲವೆಂದು ಅಂದುಕೊಂಡಿದ್ದೆ. ಬೀಗತನದ ಜಗಳ ತಿಳಿಯದ ಮಕ್ಕಳು ನಮ್ಮ ಕಡೆ ಎಲ್ಲಿದ್ದಾರೆ?

ಹಾಗೆಂದು ಆ ಗೆಲುವಿನ ಕ್ರೌರ್ಯವನ್ನು ಮೆತ್ತಗೆ ಮಾಡಲಾರೆ. ಇಳಿವಯಸ್ಸಿನ ರಾಮರಾಯನನ್ನು ಸೆರೆಹಿಡಿದು ಹುಸೇನ್ ನಿಜಾಮಶಹನು ಅಲ್ಲಿಯೇ ತಲೆ ಕಡಿಸಿದ. ಹಂಪಿಯಲ್ಲಿ ಆಮೇಲೆ ಏನಾಯಿತೆಂಬುದನ್ನು ಅಲ್ಲಿನ ಕಲ್ಲುಗಳೇ ಹೇಳುತ್ತವೆ. ವಿಜಾಪುರದ ಒಳಕೋಟೆಯಿಂದ ಹೊರಬೀಳುವ ಕೊಚ್ಚೆಗಾಲುವೆಯ ಬಾಯಿಗೆ ರಾಮರಾಯನ ತಲೆಯನ್ನು ಕಲ್ಲಿನಲ್ಲಿ ಕಡೆದು ಇಟ್ಟಿದ್ದರೆಂಬ ಉಲ್ಲೇಖ ಸೀವೆಲ್ಲರ ಗ್ರಂಥದಲ್ಲಿದೆ. ಸತ್ತವನ ಮೇಲೆ ಅಷ್ಟು ಹಗೆ ಸಾಧಿಸಿದವರೂ ಈ ಊರಿನಲ್ಲಿಯೇ ಇದ್ದರು.

ಅದೇ ಗಗನಮಹಲಿನಲ್ಲಿ 1686ರ ಸೆಪ್ಟೆಂಬರಿನಲ್ಲಿ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿಯಲ್ಲಿ ಔರಂಗಜೇಬನ ಮುಂದೆ ನಿಲ್ಲಿಸಿದರೆಂದು ಹೇಳುತ್ತಾರೆ. ಆಗ ಅವನಿಗೆ ಹದಿನೆಂಟರ ಆಸುಪಾಸಿನ ಪ್ರಾಯ, ನಮ್ಮ ಪಿಯುಸಿ ಹುಡುಗರಷ್ಟು. ನಾಲ್ಕನೆಯ ವಯಸ್ಸಿಗೆ ಪಟ್ಟವೇರಿ ರಾಜ್ಯವೆಂದರೇನೆಂದು ತಿಳಿಯುವುದರೊಳಗೆ ಕಳೆದುಕೊಂಡವನು. 1565ರಿಂದ ಲೆಕ್ಕ ಹಾಕಿದರೆ 121 ವರ್ಷ. ಜಾಮಿ ಮಸೀದಿಯನ್ನು ಅಲಿ ಆ ಯುದ್ಧದ ತರುವಾಯ ಬಲು ದೊಡ್ಡ ನಕ್ಷೆಯಲ್ಲಿ ಆರಂಭಿಸಿದ. ಅದು ಕೊನೆಗೂ ನಕ್ಷೆಯಂತೆ ಪೂರ್ಣವಾಗಲಿಲ್ಲ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಗೆರೆ ಕೊರೆದ 2000ಕ್ಕೂ ಮಿಕ್ಕಿದ ಪ್ರಾರ್ಥನಾ ಸ್ಥಳಗಳಿವೆ. ನಾನು ಹೋದಾಗ ಮಧ್ಯಾಹ್ನದ ಹೊತ್ತು. ಮೂಲೆಯ ಕಂಬದ ನೆರಳಿನಲ್ಲಿ ಹುಡುಗನೊಬ್ಬ ಗಣಿತದ ಲೆಕ್ಕ ಬಿಡಿಸುತ್ತ ಕುಳಿತಿದ್ದ. ಭಾಗಾಕಾರದಲ್ಲಿ ಒಂದು ತಪ್ಪಿತ್ತು. ತಿದ್ದದೆ ಬರಲು ಕೈ ಕೇಳಲಿಲ್ಲ.

ಮೂರನೆಯ ದಿನ ಮೆಕ್ಕಾ ಬಾಗಿಲಿನ ಹತ್ತಿರದ ತಾಜಬಾವಡಿಗೆ ಹೋದೆ. 1620ರಲ್ಲಿ ಮಲಿಕ್ ಸಂದಲನು ಕಟ್ಟಿಸಿದ ದೊಡ್ಡ ಕೊಳ. ಈ ರಾಜಧಾನಿಯ ನಿಜವಾದ ವಿಸ್ಮಯ ಗುಮ್ಮಟವಲ್ಲ, ನೀರು ಎಂಬುದು ನನ್ನ ಅಭಿಪ್ರಾಯ. ಹೊಳೆಯಿಲ್ಲದ ಬಯಲಿನಲ್ಲಿ ಇಷ್ಟು ದೊಡ್ಡ ಪಟ್ಟಣವನ್ನು ಬದುಕಿಸಬೇಕಾದರೆ ಎಷ್ಟು ಯೋಚನೆ ಬೇಕು! ತೊರವಿಯ ಕಡೆಯಿಂದ ಸುರಂಗಗಾಲುವೆಯಲ್ಲಿ ನೀರು ತಂದರು. ದಕ್ಷಿಣದಲ್ಲಿ 1651ರಲ್ಲಿ ಬೇಗಂ ತಾಲಾಬ ಕಟ್ಟಿ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಹರಿಸಿದರು. ಕೊಳವೆಯೊಳಗಿನ ಒತ್ತಡ ತಗ್ಗಿಸಲು ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು. ಅಂಥ ಗೋಪುರಗಳು ಇಂದಿಗೂ ಮನೆಗಳ ನಡುವೆ ಸಿಗುತ್ತವೆ. ಒಂದರ ಬುಡದಲ್ಲಿ ಇಸ್ತ್ರಿ ಅಂಗಡಿ ಇತ್ತು. ಇಂದು ನಗರ ಬಹುಮಟ್ಟಿಗೆ ಕುಡಿಯುವುದು ನಮ್ಮ ಕೃಷ್ಣೆಯ ನೀರನ್ನು.

ತಾಜಬಾವಡಿಯ ಕಾಲದ ಅರಸ ಎರಡನೆಯ ಇಬ್ರಾಹಿಂ. ಪ್ರಜೆಗಳು ಅವನನ್ನು ಜಗದ್ಗುರು ಎಂದು ಕರೆದರು. ದಖ್ಖನಿ ಭಾಷೆಯಲ್ಲಿ ಅವನು ಬರೆದ ಕಿತಾಬ್-ಎ-ನವರಸ್ ಎಂಬ ಹಾಡುಗಳ ಪುಸ್ತಕ ಸರಸ್ವತಿಯ ಸ್ತುತಿಯಿಂದ ತೊಡಗುತ್ತದೆ. ಕನ್ನಡಿಗರಿಗೆ ತೊರವೆ ಎಂದಕೂಡಲೇ ನರಹರಿ ಕವಿಯ ತೊರವೆ ರಾಮಾಯಣವೂ ಅಲ್ಲಿಯ ನರಸಿಂಹನೂ ನೆನಪಾಗುತ್ತಾರೆ. ಆ ತೊರವಿಯ ಪಕ್ಕದಲ್ಲಿಯೇ ಈ ಇಬ್ರಾಹಿಂ 1599ರಲ್ಲಿ ನವರಸಪುರವೆಂಬ ಹೊಸ ನಗರ ಕಟ್ಟಲು ಹೊರಟ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಬೀಗರ ಊರಿನ ದಂಡು! ತೊರವಿಯವರೆಗೆ ನಡೆಯುವ ಉಮೇದಿತ್ತು, ಮೊಣಕಾಲು ಒಪ್ಪಲಿಲ್ಲ. ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರವಾಗಿ ಕೊರೆದ ಜಾಲಂಧ್ರಗಳನ್ನು ನೋಡುತ್ತ ನೆರಳಿನಲ್ಲಿ ಕಾಲು ಚಾಚಿದೆ. ರೊಟ್ಟಿ, ಹಿಂಡಿಪಲ್ಲೆ, ಮೊಸರು ಕಟ್ಟಿಕೊಟ್ಟಿದ್ದಳು ತಂಗಿ.

ಗೋಳಗುಮ್ಮಟವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಹನ ಗೋರಿ. ಒಂದೇ ಒಂದು ಕಂಬದ ಆಸರೆಯಿಲ್ಲದೆ, ಒಂದನ್ನೊಂದು ಹಾಯುವ ಎಂಟು ಕಮಾನುಗಳ ಮೇಲೆ ನಿಂತ ಗುಮ್ಮಟ. ಹೊರವ್ಯಾಸ 44 ಮೀಟರ್. ಇದನ್ನೆಲ್ಲ ನೀವು ಬಾಯಿಪಾಠ ಮಾಡಿದ್ದೀರಿ, ಮತ್ತೆ ಬರೆಯಲಾರೆ. ಮೆಟ್ಟಿಲು ಏರಲು ನನಗೆ ಮುಕ್ಕಾಲು ತಾಸು ಹಿಡಿಯಿತು. ಪಿಸುಗುಟ್ಟುವ ಮೊಗಸಾಲೆಯಲ್ಲಿ ಯಾವುದೋ ಶಾಲೆಯ ಮಕ್ಕಳು ಗುಂಪುಗುಂಪಾಗಿ ಕಿರುಚುತ್ತಿದ್ದರು. ಅವರ ಮೇಷ್ಟರ ಕೊರಳಲ್ಲಿ ಸೀಟಿ. "ಹತ್ತು ಮಿನಿಟು, ಹತ್ತೇ ಮಿನಿಟು" ಎಂದು ಅವರು ಕೂಗಿದ್ದು ಏಳು ಸಲ ಕೇಳಿಸಿತು.

ಗೋಡೆಗೆ ಆತು ಕುಳಿತ ನನ್ನ ಹತ್ತಿರ ಒಬ್ಬ ಪುಟ್ಟ ಹುಡುಗಿ ಬಂದು, "ಅಜ್ಜಾರ, ನೀವೂ ಏನರೆ ಒದರ್ರೀ" ಎಂದಳು. ಮೊದಲು ಸಂಕೋಚವಾಯಿತು. ಆಮೇಲೆ ಕಂಠ ಸರಿಪಡಿಸಿಕೊಂಡು ನಮ್ಮೂರಿನ ಹೆಸರನ್ನು ಕೂಗಿದೆ. ತಂಗಡಗಿ, ತಂಗಡಗಿ ಎಂದು ಗುಮ್ಮಟ ಸುತ್ತಲೂ ಹೇಳುತ್ತಾ ಹೋಯಿತು. "ಅದು ಯಾವೂರ್ರೀ ಅಜ್ಜಾರ?" ಎಂದು ಕೇಳಿದಳು. ಹೊಳಿ ದಂಡಿ ಮ್ಯಾಲಿನ ಊರು, ಜೋಳ ಚಲೋ ಬೆಳಿತದ, ನೀಲಮ್ಮತಾಯಿ ಗುಡಿ ಅದ ಎಂದೆ. ಅಷ್ಟರಲ್ಲಿ ಸೀಟಿ ಊದಿತು, ಓಡಿದಳು.

ಊರಿಗೆ ಮರಳಿ ಬಂದು ಮಾಲ್ಟಾಕ್ಕೆ ಎಂಟು ಪುಟಗಳ ಉತ್ತರ ಬರೆದೆ. ಆ ದಿನ ನಿನ್ನನ್ನು ಗದರಿಸಿ ಕೂಡಿಸಿದ್ದು ತಪ್ಪು, ಉತ್ತರ ನನಗೆ ಗೊತ್ತಿರಲಿಲ್ಲ ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆದೆ. ತಲೆ ತಗ್ಗಿಸಿ ಕುಳಿತ ಆ ಇಬ್ಬರಲ್ಲಿ ಒಬ್ಬನ ಅಂಗಡಿ ಈಗ ಮುದ್ದೇಬಿಹಾಳದಲ್ಲಿದೆ. ಅವನ ಬಳಿಗೂ ಹೋಗಿ, ಚಹಾ ಕುಡಿಯುತ್ತ, ಅಲಿ ಮತ್ತು ರಾಮರಾಯರ ಗೆಳೆತನದ ಕಥೆಯನ್ನೆಲ್ಲ ಹೇಳಿದೆ. ಗಿರಾಕಿಗಳು ಬಂದು ಹೋಗುತ್ತಿದ್ದುದರಿಂದ ಕಥೆ ಮುಗಿಯಲು ಮಧ್ಯಾಹ್ನವಾಯಿತು. "ಸರ್, ಇದನ್ನ ಅವತ್ತ ಹೇಳಬೇಕಿತ್ರೀ" ಎಂದ. ಚಹಾದ ದುಡ್ಡು ಕೊಡಗೊಡಲಿಲ್ಲ.

ಶಿಷ್ಯನ ಮರುಪತ್ರ ಬಂದಿದೆ. ಬರುವ ಡಿಸೆಂಬರಿನಲ್ಲಿ ಮಕ್ಕಳೊಂದಿಗೆ ಊರಿಗೆ ಬರುತ್ತಾನಂತೆ. ವಿಜಾಪುರವನ್ನು ನನ್ನ ಜೊತೆ ನಡೆದೇ ನೋಡಬೇಕಂತೆ. ಎಷ್ಟು ದಿನ ಇಟ್ಟುಕೊಳ್ಳಲಿ ಎಂದು ಕೇಳಿದ್ದಾನೆ. ನಾಲ್ಕು ದಿನ ಎಂದು ಬರೆದಿದ್ದೇನೆ. ತೊರವಿ ಬಾಕಿ ಇದೆಯಲ್ಲ.